ಎಪಿಪಿ ಕಚೇರಿ: ನಮ್ಮ ಕೈಕೆಳಗೇ ಇಲ್ಲದವರಿಂದ ಕೆಲಸ ತೆಗೆಯೋದು ಹೇಗೆ?

ಡೊಂಬಿವಲಿ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ಮುಂಬೈ ಉಪನಗರದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಾನು ಸಹಾಯಕ ಸರ್ಕಾರಿ ಅಭಿಯೋಜಕಿ (ಎಪಿಪಿ), ಅಂದರೆ ಕ್ರಿಮಿನಲ್ ಕೇಸುಗಳಲ್ಲಿ ಸರ್ಕಾರದ ಪರ ವಾದಿಸುವ ವಕೀಲೆ. ಹಿರಿಯರು ವರ್ಗವಾಗಿ ಹೋದಮೇಲೆ ಕಚೇರಿಯ ಚಾರ್ಜು ನನಗೆ ಬಂದಿದೆ. ಸಾಕ್ಷಿ ವಿಚಾರಣೆ ಗೊತ್ತು, ಜಾಮೀನು ವಿರೋಧಿಸೋದು ಗೊತ್ತು. ಜನರಿಂದ ಕೆಲಸ ತೆಗೆಯೋದನ್ನು ಯಾವ ಲಾ ಕಾಲೇಜೂ ಹೇಳಿಕೊಡಲಿಲ್ಲ.

ಇರೋ ಜನ ಇಷ್ಟೇ. ಒಬ್ಬ ಕ್ಲರ್ಕ್, ಎಲ್ಲ ಎಪಿಪಿಗಳಿಗೂ ಸೇರಿ ಒಬ್ಬರೇ ಸ್ಟೆನೊ, ಗುತ್ತಿಗೆ ಏಜೆನ್ಸಿಯಿಂದ ಬಂದ ಡೇಟಾ ಎಂಟ್ರಿ ಹುಡುಗಿ, ಒಬ್ಬ ಶಿಪಾಯಿ (ಜವಾನ). ಜೊತೆಗೆ ಠಾಣೆಗೂ ಕೋರ್ಟಿಗೂ ಮಧ್ಯೆ ಕಾಗದ ಓಡಾಡಿಸೋಕೆ ಒಂದೊಂದು ಠಾಣೆಯಿಂದಲೂ ಬರುವ ಪೈರವಿ ಕಾನ್‌ಸ್ಟೇಬಲ್‌ಗಳು. ಇವರಲ್ಲಿ ಕ್ಲರ್ಕ್ ಮತ್ತು ಸ್ಟೆನೊ ಅಭಿಯೋಜನೆ ಇಲಾಖೆಯ ಸಂಚಾಲನಾಲಯದವರು. ಹುಡುಗಿಯ ಹಾಜರಿ ಏಜೆನ್ಸಿ ನೋಡುತ್ತೆ. ಪೈರವಿಯವರ ಹಾಜರಿ ಠಾಣೆಯಲ್ಲಿ. ಪಕ್ಕದ ಕೋಣೆಯ ಶಿರಸ್ತೇದಾರರು ನ್ಯಾಯಾಧೀಶರಿಗೆ ಉತ್ತರ ಕೊಡೋರು. ಕೇಸು ಬಿದ್ದರೆ ಮಾತ್ರ ತೀರ್ಪಿನ ಮೊದಲ ಪುಟದಲ್ಲಿ ಇರೋದು ನನ್ನ ಹೆಸರು.

ಬೇಲ್ ಅರ್ಜಿಗೆ ಠಾಣೆಯ ಸೇ (ಲಿಖಿತ ಉತ್ತರ) ಹೊತ್ತಿಗೆ ಸರಿಯಾಗಿ ಬರಲ್ಲ. ಕಾಲಿನಾದ ವಿಧಿವಿಜ್ಞಾನ ಲ್ಯಾಬಿನ ಸಿಎ (ರಾಸಾಯನಿಕ ಪರೀಕ್ಷೆಯ) ರಿಪೋರ್ಟು ಠಾಣೆಗೆ ಬಂದು ಅಲ್ಲೇ ಧೂಳು ತಿನ್ನುತ್ತಿರುತ್ತೆ. ಖುಲಾಸೆ ಆದ ಕೇಸಿನ ತೀರ್ಪಿನ ನಕಲು ಕೈಗೆ ಸಿಗೋದರಲ್ಲಿ ಅಪೀಲಿನ ಗಡುವು ಕುತ್ತಿಗೆಗೆ ಬಂದಿರುತ್ತೆ. ಎಲ್ಲರಿಗೂ ಮೆಮೊ ಕೊಟ್ಟು ಶುರು ಮಾಡಲಾ ಅಂತ ಯೋಚನೆ. ಅನುಭವ ಇರೋರು ಹೇಳಿ.

ಫೋರ್ಟಿನ ಹಳೇ ಗುಮಾಸ್ತ:

ಮೇಡಮ್ನೋರೇ, ಮೆಮೊ ಕಡೆಯ ಮದ್ದು. ಅದನ್ನೇ ಮೊದಲು ಕೊಟ್ರೆ ಆಮೇಲೆ ಕೊಡ್ಲಿಕ್ಕೆ ನಿಮ್ಮ ಹತ್ರ ಏನೂ ಉಳಿಯುದಿಲ್ಲ. ನಾನು ಕುಂದಾಪುರದ ಕಡೆಯವ. ರಾತ್ರಿ ಶಾಲೆಯಲ್ಲಿ ಓದಿ, ಟೈಪಿಂಗ್ ಕಲ್ತು, ಸರ್ಕಾರಿ ವಕೀಲರ ಕಚೇರಿಯಲ್ಲೇ ತಲೆ ಹಣ್ಣಾದವ. ಈಗ ನಿವೃತ್ತ, ಹೇಳ್ಲಿಕ್ಕೆ ಪುರುಸೊತ್ತು ಉಂಟು.

ಮೊದಲು ಒಂದು ಹಳೇ ಕತೆ ಕೇಳಿ. ನಿಮ್ಮ ಎಪಿಪಿ ಹುದ್ದೆಯೇ ಹಿಂದೆ ಪೊಲೀಸ್ ಇಲಾಖೆಯ ಅಂಕೆಯಲ್ಲಿ ಇತ್ತು. 1995ರಲ್ಲಿ ಎಸ್.ಬಿ. ಶಹಾಣೆ ವಿರುದ್ಧ ಮಹಾರಾಷ್ಟ್ರ ಸರ್ಕಾರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಇವರನ್ನು ಪೊಲೀಸರಿಂದ ಬಿಡಿಸಿ ಬೇರೆ ವೃಂದ ಮಾಡಿ ಅಂತ ಹೇಳಿತು. ಒಳ್ಳೇದೇ ಆಯ್ತು. ಆದ್ರೆ ವಕೀಲರು ಆಚೆ ಬಂದ್ರು, ಕಾಗದ ಹೊರುವ ಮನುಷ್ಯ ಠಾಣೆಯಲ್ಲೇ ಉಳಿದ. ನಿಮ್ಮ ತಲೆನೋವಿನ ಅರ್ಧ ಅಲ್ಲಿಂದ್ಲೇ ಶುರು, ನಿಮ್ಮ ಕ್ಲರ್ಕಿನ ಸೋಮಾರಿತನದಿಂದ ಅಲ್ಲ.

ಇನ್ನು ಖುಲಾಸೆ ನಕಲಿನ ವಿಷಯ. ಇದು ನಿಮ್ಮ ಕ್ಲರ್ಕ್ ಕೈಯಲ್ಲೇ ಇರುವ ಕೆಲಸ. ಹೈಕೋರ್ಟಿಗೆ ಸರ್ಕಾರದ ಖುಲಾಸೆ ಅಪೀಲಿಗೆ ಲಿಮಿಟೇಶನ್ ಕಾಯ್ದೆಯ 114ನೇ ಅನುಚ್ಛೇದದಲ್ಲಿ 90 ದಿನ. 12ನೇ ಕಲಮಿನಲ್ಲಿ ನಕಲು ತಯಾರಾಗ್ಲಿಕ್ಕೆ ಹಿಡಿದ ದಿನ ಕಳೀತಾರೆ. ಆದ್ರೆ ಆ ಲೆಕ್ಕ ಶುರುವಾಗುದು ನೀವು ನಕಲಿಗೆ ಅರ್ಜಿ ಹಾಕಿದ ದಿನದಿಂದ. ತೀರ್ಪಾದ ದಿನ ಸಂಜೆಯೇ ಅರ್ಜಿ ಹಾಕಿದ್ರೆ ನಕಲು ವಿಭಾಗ ಎಷ್ಟು ತಡ ಮಾಡಿದ್ರೂ ತೊಂದ್ರೆ ಇಲ್ಲ. ಇಪ್ಪತ್ತು ದಿನ ಬಿಟ್ಟು ಹಾಕಿದ್ರೆ ಆ ಇಪ್ಪತ್ತು ದಿನ ಹೋಯ್ತು, ಬ್ರಹ್ಮ ಬಂದ್ರೂ ವಾಪಸ್ ಬರುದಿಲ್ಲ. ನಿಮ್ಮ ಕ್ಲರ್ಕಿಗೆ ಇದನ್ನು ಯಾರಾದ್ರೂ ಕೂರಿಸಿ ಹೇಳಿದ್ದಾರಾ? "ನಕಲಿಗೆ ಅರ್ಜಿ ಹಾಕು" ಅಂತ ಹೇಳಿರ್ತಾರೆ. ಯಾಕೆ ಇವತ್ತೇ ಹಾಕ್ಬೇಕು ಅಂತ ಹೇಳಿರುದಿಲ್ಲ.

ಸರ್ಕಾರಿ ಫೈಲು ಮೇಜಿಂದ ಮೇಜಿಗೆ ಹೋಗ್ಲಿಕ್ಕೆ ತಡ ಆಯ್ತು ಅನ್ನುವ ನೆಪವೂ ಈಗ ನಡೆಯುದಿಲ್ಲ. ಅಂಚೆ ಇಲಾಖೆ ಲಿವಿಂಗ್ ಮೀಡಿಯಾ ಅನ್ನುವ ಪತ್ರಿಕಾ ಕಂಪನಿ ಮೇಲೆ ಹಾಕಿದ ಅಪೀಲು 427 ದಿನ ತಡವಾಗಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಬಾಗಿಲಲ್ಲೇ ತಿರುಗಿಸಿ ಕಳಿಸಿತು.

ಅಕ್ಕಲಕೋಟದಾಂವ:

ಮ್ಯಾಡಮ್, ನಾ ಪೈರವಿ ಮಾಡೂ ಹವಾಲ್ದಾರ. ಸದ್ಯ ಪುಣೆದಾಗ. ಮನಿ ಮಾತು ಕನ್ನಡ, ಸಾಲಿ ಕಲ್ತದ್ದು ಮರಾಠಿ, ಬರಿಯೂದ್ರಾಗ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ನೀವು ಸೇ ತಡ ಅಂತ ಬೈಯೂದು ಯಾರಿಗಿ? ನಮಗ. ಸೇ ಬರಿಯಾಂವ ಯಾರು? ತಪಾಸ ಅಧಿಕಾರಿ. ಅಂವ ರಾತ್ರಿ ಡ್ಯೂಟಿ ಮುಗಿಸಿ ಮನ್ಯಾಗ ಮಲ್ಕೊಂಡಿರ್ತಾನ, ಫೋನ್ ಎತ್ತಂಗಿಲ್ಲ. ಗಣಪತಿ ಬಂದೋಬಸ್ತ ಬಂತಂದ್ರ, ಮಂತ್ರಿ ದೌರಾ ಬಂತಂದ್ರ ಮೊದಲ ಎಳಿಯೂದು ಪೈರವಿಯವನ್ನ. "ಕೋರ್ಟಿಗಿ ಹೋಗಿ ಕೂಡೂದಷ್ಟ ಅಲ್ಲೇನು ನಿನ್ನ ಕೆಲಸ" ಅಂತಾರ. ಕೋರ್ಟಿಗಿ ಬಂದ್ರ ನೀವು ಬೈತೀರಿ, ಠಾಣೆಗಿ ಹೋದ್ರ ಅವರು ಬೈತಾರ.

ಬಾಯಿಲೆ ಹೇಳಬ್ಯಾಡ್ರಿ. ಒಂದು ಚೀಟಿ ಕೊಡ್ರಿ: ಕೇಸ್ ನಂಬರ, ತಾರೀಖ, ಏನು ಬೇಕು, ಯಾರ ಕಡೆಯಿಂದ ಬೇಕು. ಚೀಟಿ ಇದ್ರ ನಾ ಸಾಹೇಬರ ಮುಂದ ಇಟ್ಟು "ಮ್ಯಾಡಮ್ ಬರದು ಕೊಟ್ಟಾರ" ಅಂತೀನಿ. ಚೀಟಿ ಇಲ್ಲಂದ್ರ ನನ್ನ ಮಾತಿಗಿ ಯಾರು ಕಿಮ್ಮತ್ತು ಕೊಡ್ತಾರ್ರಿ? ಇನ್ನ ವರಿಷ್ಠ ಪಿಐಗೆ, ಅಂದ್ರ ಠಾಣೆ ಮುಖ್ಯಸ್ಥಗ, ತಿಂಗಳಿಗೊಂದು ಪತ್ರ ಬರೀರಿ, ಬಾಕಿ ಯಾವುದದ ಅಂತ. ಅದ್ರಾಗ ಛಲೋ ಕೆಲಸ ಮಾಡಿದಾಂವನ ಹೆಸರೂ ಒಂದ್ಸಲ ಹಾಕ್ರಿ. ನಮ್ಮ ಸರ್ವಿಸ್ ಶೀಟಿನ್ಯಾಗ ಅದು ಕೂಡ್ತದ.

ಡೊಂಬಿವಲಿ ಕನ್ನಡತಿ:

ಅಣ್ಣಾ, ಚೀಟಿ ವಿಷಯ ಒಪ್ಪಿದೆ. ನಾಳೆಯಿಂದಲೇ ನಕಲು ಪ್ರತಿ ಬರುವ ಪುಸ್ತಕ ಇಡ್ತೀನಿ, ಒಂದು ನಿಮ್ಮ ಕೈಗೆ, ಒಂದು ನಮ್ಮಲ್ಲಿ. ಆದರೆ ಸಿಎ ರಿಪೋರ್ಟು?

ಅಕ್ಕಲಕೋಟದಾಂವ:

ಅದಕ್ಕ ಮುದ್ದೇಮಾಲ ಕಾರಕೂನನ್ನ, ಅಂದ್ರ ಠಾಣೆದಾಗ ಜಪ್ತಿ ಮಾಲು ನೋಡ್ಕೊಳ್ಳಾಂವನ್ನ, ಹಿಡೀರಿ. ಲ್ಯಾಬಿಗಿ ಕಳಿಸಿದ ಜಾವಕ (ಹೊರಗ ಹೋದದ್ದರ) ನಂಬರ ಅವನ ಕಡೆ ಇರ್ತದ. ಆ ನಂಬರ ನಿಮ್ಮ ಫೈಲಿನ ಮ್ಯಾಲ ಬರದಿದ್ರ ಹುಡಿಕೂದು ಹತ್ತು ನಿಮಿಷದ ಕೆಲಸ. ನಂಬರ ಇಲ್ಲಂದ್ರ ಕಾಲಿನಾ ಇರ್ಲಿ, ಪುಣೆ ಲ್ಯಾಬ್ ಇರ್ಲಿ, ಯಾರೂ ಏನೂ ಹೇಳಂಗಿಲ್ಲ.

ಶಿವಾಜಿನಗರ ವಕೀಲ:

ನಾನು ಎದುರು ಪಕ್ಷ. ಪುಣೆ ಶಿವಾಜಿನಗರ ಕೋರ್ಟಿನಲ್ಲಿ ಆರೋಪಿಗಳ ಪರ ವಕಾಲತ್ತು. ನನ್ನ ಕಕ್ಷಿದಾರರು ಬಿಡುಗಡೆ ಆಗಿದ್ದರಲ್ಲಿ ನನ್ನ ವಾದದ ಪಾಲೆಷ್ಟು, ಸರ್ಕಾರಿ ಕಚೇರಿಯ ಕಪಾಟಿನ ಪಾಲೆಷ್ಟು ಅಂತ ಪ್ರಾಮಾಣಿಕವಾಗಿ ಹೇಳಿದರೆ ನನ್ನ ಫೀಸು ಇಳಿದೀತು. ಆದರೂ ಹೇಳುತ್ತೇನೆ, ಕಾರಣ ಸೋಮಾರಿ ಅಭಿಯೋಜನೆಯಿಂದ ನಿರಪರಾಧಿಗಳೂ ಒಳಗೆ ಕೊಳೆಯುತ್ತಾರೆ.

ಗಡುವಿನ ಲೆಕ್ಕ ನಿಮ್ಮ ಕಚೇರಿಯಲ್ಲಿ ಯಾರು ಇಡುತ್ತಾರೆ ಮೇಡಂ? ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 187ರ ಪ್ರಕಾರ 60 ಅಥವಾ 90 ದಿನದೊಳಗೆ ದೋಷಾರೋಪ ಪತ್ರ ಬಾರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಬರುತ್ತದೆ. ರಿಮಾಂಡ್ ಆದ ದಿನವನ್ನು ಸೇರಿಸಿ ಎಣಿಸಬೇಕೋ ಬಿಟ್ಟೋ ಎಂಬ ಗೊಂದಲ ಬಹಳ ವರ್ಷ ಇತ್ತು. ಮುಂಬೈಯ ಕಪಿಲ್ ವಾಧವಾನ್ ಪ್ರಕರಣದಲ್ಲಿ 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ, ಸೇರಿಸಿಯೇ ಎಣಿಸಿ ಎಂದಿತು. ಆ ಪೀಠದಲ್ಲಿ ನಮ್ಮ ಬಿ.ವಿ. ನಾಗರತ್ನ ಅವರೂ ಇದ್ದರು. ಅಂದರೆ ಜುಲೈ 1ರಂದು ರಿಮಾಂಡ್ ಆದರೆ 60ನೇ ದಿನ ಆಗಸ್ಟ್ 29. ಆಗಸ್ಟ್ 30ರ ಬೆಳಿಗ್ಗೆ ನನ್ನ ಜೂನಿಯರ್ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ನಿಮ್ಮ ಕ್ಲರ್ಕ್ ಹಳೇ ರೂಢಿಯಂತೆ ಮರುದಿನದಿಂದ ಎಣಿಸುತ್ತಿದ್ದರೆ ಅವನ ಪುಸ್ತಕದಲ್ಲಿ ಆ ಹೊತ್ತಿಗೆ ಇನ್ನೂ 60ನೇ ದಿನ.

ದೋಷಾರೋಪ ಪತ್ರ ಹಾಕುವುದು ಪೊಲೀಸರು, ನಿಜ. ಆದರೆ ಕರಡು ಪರಿಶೀಲನೆಗೆ ಬಂದು ನಿಮ್ಮ ಮೇಜಿನ ಮೇಲೆ ಮಲಗಿದ ದಿನಗಳೂ ಅದರಲ್ಲೇ ಸೇರುತ್ತವೆ.

ಫೋರ್ಟಿನ ಹಳೇ ಗುಮಾಸ್ತ:

ವಕೀಲರೇ, ನೀವು ಹೇಳಿದ್ದು ಕೇಳಿ ಹೊಟ್ಟೆ ಉರೀತು, ಆದ್ರೆ ಸರಿಯೇ ಉಂಟು.

ಮೇಡಮ್, ಇದಕ್ಕೆ ಒಂದು ಬೇರೆ ಪುಸ್ತಕವೇ ಮಾಡಿ. ಆವಕ-ಜಾವಕ ರಿಜಿಸ್ಟರ್ ಎಲ್ಲ ಕಚೇರಿಯಲ್ಲೂ ಉಂಟು. ಅದು ಕಾಗದ ಬಂದದ್ದು, ಹೋದದ್ದು ಹೇಳ್ತದೆ. ಬಾರದೆ ಇದ್ದ ಕಾಗದವನ್ನು ಹೇಳುದಿಲ್ಲ. ನಿಮಗೆ ಬೇಕಾದ್ದು ಬಾರದ ಕಾಗದದ ಪುಸ್ತಕ. ತಾರೀಕಿನ ಪ್ರಕಾರ ಹಾಳೆ, ಕೇಸಿನ ಪ್ರಕಾರ ಅಲ್ಲ. ಆಗಸ್ಟ್ 20ರ ಹಾಳೆ ತೆಗೆದ್ರೆ ಅಲ್ಲಿ "ಇಂಥಾ ಕೇಸಿಗೆ ಇನ್ನು ಒಂಬತ್ತು ದಿನ" ಅಂತ ಇರ್ಬೇಕು. ಬೆಳಿಗ್ಗೆ ಬೋರ್ಡ್ (ದಿನದ ಕೇಸಿನ ಪಟ್ಟಿ) ನೋಡುವ ಮೊದಲು ಆ ಹಾಳೆ ನಿಮ್ಮ ಎದುರು ಬರ್ಬೇಕು, ಕೆಳಗೆ ನಿಮ್ಮ ಸಣ್ಣ ಸಹಿ ಬೀಳ್ಬೇಕು. ಸಹಿ ಕ್ಲರ್ಕಿನದ್ದಲ್ಲ, ನಿಮ್ಮದು. ಮೇಲಿನವರು ದಿನಾ ನೋಡ್ತಾರೆ ಅಂತ ಗೊತ್ತಾದ್ರೆ ಕೆಳಗಿನವ ದಿನಾ ಬರೀತಾನೆ, ಬೇರೆ ಗುಟ್ಟು ಏನೂ ಇಲ್ಲ ಮಾರಾಯ್ರೆ.

ಬೈನಾದ ಬಾಗಲಕೋಟಿ ಹುಡುಗ:

ಎಲ್ಲಾರಿಗೂ ನಮಸ್ಕಾರ್ರೀ. ನಾ ಗೋವಾದಾಂವ, ಹುಟ್ಟಿದ್ದು ವಾಸ್ಕೋ ಬೈನಾದಾಗ, ಅಪ್ಪ ಅವ್ವ ಬಾಗಲಕೋಟಿಯಿಂದ ಬಂದಾವ್ರು. ಇಂಥದ್ದ ಒಂದು ಕಚೇರಿಯೊಳಗ ಗುತ್ತಿಗಿ ಮ್ಯಾಲ ಡೇಟಾ ಎಂಟ್ರಿ ಮಾಡ್ತೀನಿ. ನೀವೆಲ್ಲಾ ಮ್ಯಾಲಿಂದ ಕೆಳಗ ನೋಡಿ ಮಾತಾಡಾಕತ್ತೀರಿ, ನಾ ಕೆಳಗಿಂದ ಹೇಳ್ತೀನಿ.

ನಂಗ ಕೆಲಸಕ್ಕ ತಗೊಂಡಾಗ ಹೇಳಿದ್ದು ಇಷ್ಟ: "ಫೈಲ್ ನೋಡು, ಸಿಎನ್‌ಆರ್ ನಂಬರ್ ಹಾಕು, ಕಲಂ ಹಾಕು, ಸೇವ್ ಕೊಡು." ಸಿಎನ್‌ಆರ್ ಅಂದ್ರ ಕೋರ್ಟಿನ್ಯಾಗ ಕೇಸಿನ ಗುರುತಿನ ನಂಬರ್. 2024ರ ಜುಲೈ 1ಕ್ಕ ಐಪಿಸಿ ಬದ್ಲಿ ಬಿಎನ್‌ಎಸ್ ಅನ್ನೂ ಹೊಸ ಕಾನೂನು ಬಂತು. ಸ್ಕ್ರೀನ್ ಮ್ಯಾಲ ಮೊದಲ ಕಾನೂನು ಆರಿಸಬೇಕು, ಆಮ್ಯಾಲ ಕಲಂ. ಹಳೇ ಐಪಿಸಿ 302 ಅಂದ್ರ ಕೊಲೆ. ಹೊಸ ಬಿಎನ್‌ಎಸ್ 302 ಅಂದ್ರ ಧಾರ್ಮಿಕ ಭಾವನಾಕ್ಕ ನೋವು ಮಾಡೂ ಮಾತು. ಕೊಲೆ ಹೊಸದ್ರಾಗ 103. ಐಪಿಸಿ 304 ಮನುಷ್ಯಾನ ಸಾವಿನ ಕಲಂ ಇತ್ತು, ಬಿಎನ್‌ಎಸ್ 304 ಸರಗಳ್ಳರ ಕಲಂ. ಒಂದ ಒಂದು ಕ್ಲಿಕ್ ತಪ್ಪಿದ್ರ ಕೊಲೆ ಆರೋಪಿ ಬೈಗುಳದ ಆರೋಪಿ ಆಗ್ತಾನ!

ಹೊಸದಾಗಿ ಬಂದ ಮ್ಯಾಡಮ್ ಒಬ್ರು ನಮ್ಮನ್ನ ಕರೆದು ಕುಂದ್ರಿಸಿ ಹೇಳಿದ್ರು: "ಕಲಂ ಆಮ್ಯಾಲ ನೋಡು, ಮೊದಲ ಗುನ್ನೆ ಆದ ತಾರೀಖ ನೋಡು. ಜುಲೈ 1ರ ಹಿಂದಿನ ಗುನ್ನೆ ಆದ್ರ ಎಫ್‌ಐಆರ್ ಎಂದ ಆಗಿರ್ಲಿ, ಐಪಿಸಿನ." ಮಾತು ಅಷ್ಟ. ಅದನ್ನ ಹೇಳಾಕ ಅಲ್ಲೀತನಕ ಯಾರಿಗೂ ಪುರುಸೊತ್ತು ಇದ್ದಿಲ್ಲ. ಈಗ ಕಾಗದದ ಮ್ಯಾಲ ತಾರೀಖಿಗೂ ಕಲಂಗೂ ತಾಳ ಆಗಲಿಲ್ಲಂದ್ರ ನಾನ ಎದ್ದು ಹೋಗಿ ಕೇಳ್ತೀನಿ.

ಡೊಂಬಿವಲಿ ಕನ್ನಡತಿ:

ತಮ್ಮಾ, ನೀನು ಹೇಳಿದ್ದು ನನ್ನ ಕಣ್ಣು ತೆರೆಸಿತು. ನಮ್ಮ ಹುಡುಗಿಗೂ ಹೀಗೇ ಆಗಿರಬೇಕು. ಆದರೆ ಒಂದು ಭಯ. ಎಷ್ಟು ಹೇಳಿಕೊಡಬೇಕು? ಹೆಚ್ಚು ಕಲಿಸಿದರೆ ಬಾಗಿಲಲ್ಲಿ ನಿಂತ ದೂರುದಾರರಿಗೆ ಇವರೇ ಕಾನೂನು ಸಲಹೆ ಕೊಡೋಕೆ ಶುರು ಮಾಡ್ತಾರೆ. ನಮ್ಮ ಸ್ಟೆನೊ ಈಗಾಗಲೇ ಬೇಲ್ ಸೇಗಳನ್ನು ಹಳೇ ಫೈಲಿನಿಂದ ಎತ್ತಿ "ತೀವ್ರ ವಿರೋಧವಿದೆ, ಆರೋಪಿ ಪರಾರಿಯಾಗುವ ಸಂಭವವಿದೆ" ಅಂತ ಟೈಪ್ ಮಾಡಿ ಸಹಿಗೆ ತಂದು ಇಡ್ತಾರೆ. ನಾನು ಓದೋ ಮೊದಲೇ ನನ್ನ ಅಭಿಪ್ರಾಯ ತಯಾರು.

ಶಿವಾಜಿನಗರ ವಕೀಲ:

ಆ ಸೇ ನಾನೂ ಓದಿದ್ದೇನೆ. ಒಮ್ಮೆ ಹಾಸಿಗೆ ಹಿಡಿದ ಆರೋಪಿಯೂ ಪರಾರಿಯಾಗುವ ಸಂಭವವಿತ್ತು.

ಗೆರೆ ಎಳೆಯುವುದು ಕಷ್ಟವಲ್ಲ ಮೇಡಂ. ಕಾಗದ ಇದೆಯೋ ಇಲ್ಲವೋ ನೋಡುವುದು ಸಿಬ್ಬಂದಿಯ ಕೆಲಸ. ಇದ್ದ ಕಾಗದ ಸಾಲುತ್ತದೋ ಇಲ್ಲವೋ ನೋಡುವುದು ನಿಮ್ಮ ಕೆಲಸ. ಸಿಸಿಟಿವಿ ಪೆನ್‌ಡ್ರೈವ್ ಜೊತೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇದೆಯೇ, ಅದರ 'ಎ' ಭಾಗ, 'ಬಿ' ಭಾಗ ಎರಡೂ ತುಂಬಿವೆಯೇ, ಹ್ಯಾಶ್ ಮೌಲ್ಯ (ಫೈಲು ತಿದ್ದಿಲ್ಲವೆಂದು ತಾಳೆ ನೋಡುವ ಗುರುತಿನ ಸಂಖ್ಯೆ) ಬರೆದಿದೆಯೇ ಎಂದು ಕ್ಲರ್ಕ್ ಗುರುತು ಹಾಕಬಹುದು. ಹಾಕಲೇಬೇಕು. ಆ ಪ್ರಮಾಣಪತ್ರ ಕೊಟ್ಟವನಿಗೆ ಕೊಡುವ ಅರ್ಹತೆ ಇತ್ತೇ ಎಂಬುದು ಅವನ ತಲೆಬಿಸಿಯಲ್ಲ. ಆರೋಪಿಗೆ ದಾಖಲೆಗಳ ಪ್ರತಿ ಬಿಎನ್‌ಎಸ್‌ಎಸ್ 230ರ ಪ್ರಕಾರ ಹಾಜರಾದ 14 ದಿನದೊಳಗೆ ಹೋಗಬೇಕು, ಅದೂ ಉಚಿತವಾಗಿ. ಅದರ ದಿನ ಎಣಿಸುವುದು ಸಿಬ್ಬಂದಿ. ಯಾವ ಹೇಳಿಕೆಯ ಯಾವ ಭಾಗ ತಡೆಹಿಡಿಯಬೇಕೆಂಬುದು ಅವರಿಗೆ ಬಿಟ್ಟ ವಿಷಯವೇ ಅಲ್ಲ.

ಉಚಿತ ಎಂದೆನಲ್ಲ. ಬಹಳ ಕಡೆ ಜೆರಾಕ್ಸ್ ಕಾಗದವಿಲ್ಲ ಎಂದು ನಮ್ಮ ಕೈಯಲ್ಲೇ ಪ್ರತಿ ಮಾಡಿಸುತ್ತಾರೆ. ಮೊದಲು ಜೆರಾಕ್ಸ್ ದುಡ್ಡು, ಆಮೇಲೆ ತಾರೀಕು ಹೇಳಿದ್ದಕ್ಕೆ ಚಾಪಾನಿ, ಆಮೇಲೆ ಫೈಲು ಸಿಗದಂತೆ ಮಾಡಲು ಇನ್ನೊಂದು ದರ. ಜೆರಾಕ್ಸ್ ಮಟ್ಟದಲ್ಲೇ ತಡೆಯಿರಿ. ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಪ್ರತಿ ಕೊಟ್ಟರೂ ಹೊಸ ಕಾನೂನು ಒಪ್ಪುತ್ತದೆ.

ಫೋರ್ಟಿನ ಹಳೇ ಗುಮಾಸ್ತ:

ಚಾಪಾನಿ ತಗೊಂಡವನ ಮೇಲೆ ಮಾತ್ರ ಮೆಮೊಗೂ ಕಾಯ್ಬೇಡಿ. ಅದು ಮೇಲಿನವರಿಗೆ ಬರೆದು ಕಳಿಸುವ ವಿಷಯ. ಮಿಕ್ಕದ್ದಕ್ಕೆ ಮೊದಲು ಕೂರಿಸಿ ಮಾತಾಡಿ, ಆಮೇಲೆ ಬರವಣಿಗೆ. ಸಿಆರ್ (ನೌಕರನ ವಾರ್ಷಿಕ ಗೋಪ್ಯ ವರದಿ) ಬರೆಯುವಾಗ ವರ್ಷವಿಡೀ ಬಾಯಿ ಮುಚ್ಚಿ ಕೂತು, ಮಾರ್ಚಿನಲ್ಲಿ "ಸಾಧಾರಣ" ಅಂತ ಬರೆದು ಸೇಡು ತೀರ್ಸುವವರನ್ನು ತುಂಬಾ ಕಂಡಿದ್ದೇನೆ. 2008ರ ದೇವ್ ದತ್ ತೀರ್ಪು ಬಂದಮೇಲೆ ಸಿಆರ್‌ನ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸ್ಬೇಕು. ತೋರ್ಸ್ಲಿಕ್ಕೆ ಧೈರ್ಯ ಇಲ್ಲದ ಮಾತು ಬರೀಲಿಕ್ಕೂ ಹೋಗ್ಬೇಡಿ.

ಡೊಂಬಿವಲಿ ಕನ್ನಡತಿ:

ಮೆಮೊ ಬಗ್ಗೆ ನಿಮ್ಮ ಜೊತೆ ಪೂರ್ತಿ ಒಪ್ಪಲ್ಲ ಸರ್. ಎರಡು ಸಲ ಹೇಳಿದಮೇಲೂ ಮೂರನೇ ಸಲ ಬಾಯಲ್ಲೇ ಹೇಳಿದರೆ ಕೆಲಸ ಮಾಡುವ ಇನ್ನೊಬ್ಬರಿಗೆ ಅನ್ಯಾಯ. ಹೆಂಗಸು ಅಧಿಕಾರಿ ಬಾಯಲ್ಲಿ ಹೇಳಿದ್ದನ್ನು "ಮೇಡಂ ಸುಮ್ಮನೆ ಕಿರಿಕಿರಿ ಮಾಡ್ತಾರೆ" ಅಂತ ಆಡಿಕೊಳ್ಳೋದು, ಕಾಗದದಲ್ಲಿ ಕೊಟ್ಟಾಗ ನೆಟ್ಟಗಾಗೋದು, ಎರಡನ್ನೂ ನೋಡ್ತಿದ್ದೀನಿ. ನಿಮ್ಮ ಕಾಲದಲ್ಲಿ ನಿಮಗೆ ಆ ತೊಂದರೆ ಇರಲಿಲ್ಲ ಅನ್ಸುತ್ತೆ.

ಫೋರ್ಟಿನ ಹಳೇ ಗುಮಾಸ್ತ:

ಅದು ಹೌದು. ಒಪ್ಪಿದೆ.

ಬೈನಾದ ಬಾಗಲಕೋಟಿ ಹುಡುಗ:

ಮ್ಯಾಡಮ್, ಇನ್ನೊಂದು. ನಮ್ಮ ಕಡೆ ವಾಟ್ಸಾಪ್ ಗ್ರೂಪಿನ್ಯಾಗ ಫೈಲಿನ ಫೋಟೋ ಹಾಕ್ತಾರ, "ಇದರ ಸೇ ಬೇಗ ಕಳಸ್ರಿ" ಅಂತ. ಪೋಕ್ಸೋ ಕೇಸಿನ ಹುಡುಗಿ ಹೆಸರು, ಸಾಲಿ ಹೆಸರು ಎಲ್ಲಾ ಅದರಾಗ ಇರ್ತೈತಿ. ಗ್ರೂಪಿನ್ಯಾಗ ವರ್ಗ ಆಗಿ ಹೋದಾವ್ರೂ ಅದಾರ, ಕೆಲಸಾ ಬಿಟ್ಟಾವ್ರೂ ಅದಾರ.

ಶಿವಾಜಿನಗರ ವಕೀಲ:

ಬಿಎನ್‌ಎಸ್ 72. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಶಿಕ್ಷೆ. ಹೆಸರನ್ನಷ್ಟೇ ಅಳಿಸಿದರೆ ಸಾಲದು, ಗುರುತು ಹಿಡಿಯಬಹುದಾದ ಯಾವ ವಿವರವೂ ಹೊರಬೀಳಬಾರದು ಎಂದು 2018ರ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪೋಕ್ಸೋ ಕಾಯ್ದೆಯಲ್ಲಿ ಮಗುವಿನ ಶಾಲೆ, ನೆರೆಹೊರೆ ಕೂಡ ಬರುತ್ತವೆ. ಗ್ರೂಪಿನಲ್ಲಿ ಕೇಸ್ ನಂಬರ್ ಮತ್ತು ತಾರೀಕು ಬಿಟ್ಟು ಬೇರೇನೂ ಹಾಕಬೇಡಿ. ಫೋಟೋ ಅಂತೂ ಬೇಡವೇ ಬೇಡ.

ಡೊಂಬಿವಲಿ ಕನ್ನಡತಿ:

ಇವತ್ತೇ ಗ್ರೂಪ್ ಬಿಚ್ಚಿ ನೋಡ್ತೀನಿ. ಏಜೆನ್ಸಿಯ ಹುಡುಗಿಯಿಂದ ಗೋಪ್ಯತೆಯ ಬಗ್ಗೆ ಬರೆಸಿಕೊಂಡಿದ್ದಾರಾ ಅಂತಲೂ ವಿಚಾರಿಸಬೇಕು.

ಕೊನೆಗೆ ನಮ್ಮವರಿಗೇ ಸಂಬಂಧಿಸಿದ್ದೊಂದು. ಮುಂದಿನ ವಾರ ವಿಜಯಪುರ ಕಡೆಯ ಕೂಲಿ ಹೆಂಗಸೊಬ್ಬಳ ಸಾಕ್ಷಿ ಇದೆ, ಆಕೆಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ನಮ್ಮ ಶಿಪಾಯಿಗೆ ಕನ್ನಡ ಚೆನ್ನಾಗಿ ಬರುತ್ತೆ. ಕೋರ್ಟಿನವರು "ನಿಮ್ಮವನನ್ನೇ ದುಭಾಷಿ ಮಾಡಿ, ಮುಗಿಸಿಬಿಡೋಣ" ಅಂತಿದ್ದಾರೆ. ಕಳಿಸಲಾ?

ಬೈನಾದ ಬಾಗಲಕೋಟಿ ಹುಡುಗ:

ಇಲ್ಲೂ ಅದ ಕತಿ. ಬೈನಾ, ಝುವಾರಿನಗರದ ಮಂದಿ ಕೇಸ್ ಬಂತಂದ್ರ ನನ್ನ ಹುಡುಕ್ಕೋತ ಬರ್ತಾರ. ನಮ್ಮ ಸಾಹೇಬ್ರು ಬಿಡೂದಿಲ್ಲ.

ಶಿವಾಜಿನಗರ ವಕೀಲ:

ಬಿಡದಿರುವುದೇ ಸರಿ. ದುಭಾಷಿಗೂ 1969ರ ಪ್ರಮಾಣ ಕಾಯ್ದೆಯಲ್ಲಿ ಪ್ರಮಾಣವಚನ ಉಂಟು. ಅಭಿಯೋಜಕರ ಕಚೇರಿಯ ಸಂಬಳ ತಿನ್ನುವವನು ಅಲ್ಲಿ ನಿಂತರೆ ಅಡ್ಡ ಸವಾಲಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಸಾಕ್ಷಿಗಲ್ಲ, ಅವನ ನೇಮಕದ ಬಗ್ಗೆ. ನ್ಯಾಯಾಲಯವೇ ದುಭಾಷಿಯನ್ನು ಗೊತ್ತುಮಾಡಲಿ ಎಂದು ಲಿಖಿತ ಅರ್ಜಿ ಕೊಡಿ. ಜಿಲ್ಲಾ ನ್ಯಾಯಾಲಯದಲ್ಲಿ ಪಟ್ಟಿ ಇಲ್ಲದಿದ್ದರೆ ಕಾಲೇಜಿನ ಕನ್ನಡ ಅಧ್ಯಾಪಕರನ್ನು ಕೇಳಿಕೊಳ್ಳಬಹುದು, ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೇ ಇದೆ. ಶಿಪಾಯಿಯನ್ನು ಸಾಕ್ಷಿಗೆ ಕೋರ್ಟ್ ಹಾಲ್ ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ ಎಂದು ತೋರಿಸಲು ಕಳಿಸಿ. ಕೇಸಿನ ವಿಷಯ ಒಂದಕ್ಷರ ಮಾತಾಡಕೂಡದು ಎಂದು ಮೊದಲೇ ಹೇಳಿ.

ಡೊಂಬಿವಲಿ ಕನ್ನಡತಿ:

ಅರ್ಜಿ ನಾಳೆಯೇ ಹಾಕ್ತೀನಿ. ಆಕೆಯ ಪ್ರಯಾಣ ಭತ್ಯೆ?

ಅಕ್ಕಲಕೋಟದಾಂವ:

ಅದರ ಬಿಲ್ಲಿಗಿ ಬಸ್ಸಿನ ಟಿಕೇಟು ಬೇಕು ಮ್ಯಾಡಮ್. ಸಮನ್ಸ್ ಕೊಡಾಕ ಹೋದಾಂವಗ ಹೇಳ್ರಿ, ಟಿಕೇಟು ಚೆಲ್ಲಬ್ಯಾಡ ಅಂತ ಆಕಿಗಿ ಕನ್ನಡದಾಗ ತಿಳಿಸಿ ಬರ್ಲಿ. ಅವಂಗ ಕನ್ನಡ ಬರಂಗಿಲ್ಲಂದ್ರ ಫೋನ್ ಹಚ್ಚಿ ಕೊಡ್ರಿ, ನಾ ಹೇಳ್ತೀನಿ. ಟಿಕೇಟಿನ ಮಾತಷ್ಟ ರೀ ವಕೀಲ ಸಾಹೇಬರ, ಕೇಸಿನ ಮಾತಲ್ಲ.